14 ತಿಂಗಳಾಯ್ತು, ಥೆರಪಿಸ್ಟ್ ಇನ್ನೂ ‘ಆ ವಿಷಯ’ ಕೇಳಿಲ್ಲ. ಇದು ಸರಿನಾ?

ನಸುಕಿನ_ನಡಿಗೆ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ವರ್ಷದಿಂದ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು.

ನನಗೆ 34 ವರ್ಷ. ಹುಟ್ಟಿ ಬೆಳೆದದ್ದು ಪಾಂಡವಪುರ ಕಡೆಯ ಹಳ್ಳಿಯಲ್ಲಿ. ಈಗ ಮೈಸೂರಿನಲ್ಲಿ ಗಂಡ, ಮಗನ ಜೊತೆ ಇದ್ದೇನೆ. ನಮ್ಮಪ್ಪ ಕುಡಿಯುತ್ತಿದ್ದರು. ರಾತ್ರಿ ಅವರು ಬರುವಾಗ ಮೊದಲು ಗೇಟಿನ ಚಿಲಕದ ಸದ್ದು ಕೇಳುತ್ತಿತ್ತು. ಇವತ್ತು ಅಮ್ಮನಿಗೆ ಏಟು ಬೀಳುತ್ತದೋ ಇಲ್ಲವೋ ಅನ್ನುವುದು ಆ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯಿತು. ಆದರೂ ಯಾರಾದರೂ ಗೇಟು ತೆಗೆದರೆ ನನ್ನ ಕೈ ತಣ್ಣಗಾಗುತ್ತದೆ. ಮಗ ಲೋಟ ಬೀಳಿಸಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಪಾಪ, ಅವನು ನನ್ನ ಮುಖ ನೋಡಿ ಹೆದರುತ್ತಾನೆ.

14 ತಿಂಗಳಿಂದ ಪ್ರತಿ ಮಂಗಳವಾರ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೇನೆ. 50 ನಿಮಿಷ, 1,000 ರೂಪಾಯಿ. ತಮ್ಮದು ಇಂಟಿಗ್ರೇಟಿವ್ ಪದ್ಧತಿ ಅಂತ ಹೇಳಿದ್ದರು. ಮೊದಲ ದಿನವೇ ನಾನು “ಒಂದು ವಿಷಯ ಇದೆ ಮೇಡಂ” ಅಂದೆ. “ಇದೆ ಅಂತ ಗೊತ್ತಾಯ್ತಲ್ಲ, ಈಗ ಅಷ್ಟು ಸಾಕು. ಯಾವಾಗ ಹೇಳಬೇಕು, ಹೇಳಬೇಕೋ ಬೇಡವೋ ಅನ್ನೋದು ನಿಮ್ಮ ಕೈಲೇ ಇರಲಿ” ಅಂದರು. ಅಲ್ಲಿಂದ ಇವತ್ತಿನವರೆಗೂ ಅವರು ಆ ಮಾತು ಎತ್ತಿಲ್ಲ. ನಿದ್ದೆ, ಮಗನ ಸ್ಕೂಲು, ಅಮ್ಮನ ಫೋನು, ಮೈ ನಡುಗಿದಾಗ ಏನು ಮಾಡಬೇಕು, ಇಂಥವೇ ಮಾತಾಡುತ್ತೇವೆ.

ಮೊನ್ನೆ ನಮ್ಮ ಯಜಮಾನರು ಕೇಳಿದರು, “ಇಷ್ಟು ದಿನ ಅಲ್ಲಿ ಏನ್ ಮಾತಾಡ್ತೀಯ?” ಕೋಪದಿಂದ ಕೇಳಿದ್ದಲ್ಲ. ಆದರೆ ನನಗೆ ಉತ್ತರ ಬರಲಿಲ್ಲ. ಇದು ಹೀಗೇ ನಡೆಯಬೇಕಾದದ್ದಾ? ಇಲ್ಲ ಸುಮ್ನೆ ದಿನ ಕಳೆಯುತ್ತಿದೆಯಾ? ಗೊತ್ತಿರುವವರು ಹೇಳಿ.

ಮದ್ದೂರು_ಕಡೆಯವನು · ಭಾನುವಾರ ರಾತ್ರಿ 10:15

ಅಕ್ಕ, ನನ್ನ ಅನುಭವ ಬೇರೆ ಥರ ಇದೆ, ಹೇಳುತ್ತೇನೆ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಮ್ಮ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತು. ಕಾಲಿನ ಮೂಳೆ ಮೂರು ತಿಂಗಳಿಗೆ ಕೂಡಿತು. ಆದರೆ ಕಾರು ಹತ್ತಲು ಆಗುತ್ತಿರಲಿಲ್ಲ. ಕನ್ನಡಿಯಲ್ಲಿ ಲಾರಿ ಕಂಡರೆ ಬೆವರು. ಬೆಂಗಳೂರಿನಲ್ಲಿ ಇಎಂಡಿಆರ್ ಮಾಡುವವರ ಹತ್ತಿರ ಹೋದೆ. ಆ ದೃಶ್ಯ ಮನಸ್ಸಿನಲ್ಲಿ ಇಟ್ಟುಕೊಂಡು, ಅವರ ಬೆರಳು ಆಚೆ ಈಚೆ ಹೋಗುವುದನ್ನು ಕಣ್ಣಲ್ಲೇ ಹಿಂಬಾಲಿಸಬೇಕು. ಮೂರನೇ ಭೇಟಿಗೇ ಅಪಘಾತದ ವಿಷಯಕ್ಕೆ ಬಂದರು. ಹತ್ತು ಸಲಕ್ಕೆ ಮುಗಿಯಿತು. ಈಗ ನಾನೇ ಗಾಡಿ ಓಡಿಸುತ್ತೇನೆ.

ಅದಕ್ಕೇ 14 ತಿಂಗಳು ಅಂದರೆ ನನಗೆ ಜಾಸ್ತಿ ಅನಿಸಿತು. ತಪ್ಪು ತಿಳಿಯಬೇಡಿ. ಒಮ್ಮೆ ನೇರವಾಗಿ ಅವರನ್ನೇ ಕೇಳಿ.

ಹೂವಿನ_ಬುಟ್ಟಿ · ಭಾನುವಾರ ರಾತ್ರಿ 10:52

ನಾನು ಇದಕ್ಕೆ ತದ್ವಿರುದ್ಧ ಕಂಡಿದ್ದೇನೆ. ಮೂರು ವರ್ಷದ ಹಿಂದೆ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿದ್ದೆ. ಯಾರು, ಎಲ್ಲಿ ಅನ್ನುವುದು ಬೇಡ. ಮೊದಲ ದಿನವೇ ಕಣ್ಣು ಮುಚ್ಚಿಸಿ, “ಚಿಕ್ಕ ವಯಸ್ಸಿನಲ್ಲಿ ಆಗಿದ್ದೆಲ್ಲ ಒಂದೂ ಬಿಡದೆ ಹೇಳಿ, ಹೊರಗೆ ಬಂದುಬಿಟ್ಟರೆ ಹಗುರ ಆಗುತ್ತೆ” ಅಂದರು. ಹೇಳಿದೆ. ಒಂದೂವರೆ ಗಂಟೆ ಅತ್ತೆ. ಕೊನೆಗೆ “ಅವರನ್ನು ಕ್ಷಮಿಸಿಬಿಡಿ, ಮುಂದೆ ನೋಡಿ” ಅಂದು ಕಳಿಸಿದರು.

ಸರಸ್ವತಿಪುರಂನಲ್ಲಿ ಸಿಟಿ ಬಸ್ ಹತ್ತಿದೆ. ಎಲ್ಲಿ ಇಳಿಯಬೇಕು ಅನ್ನುವುದೇ ಮರೆತುಹೋಯಿತು. ಕೊನೆಯ ಸ್ಟಾಪಿನವರೆಗೂ ಹೋಗಿ ಕೂತಿದ್ದೆ. ಒಂದು ವಾರ ನಿದ್ದೆ ಬರಲಿಲ್ಲ, ಮೈ ನನ್ನದೇ ಅಲ್ಲ ಅನ್ನಿಸುತ್ತಿತ್ತು. ಮತ್ತೆ ಯಾರ ಹತ್ತಿರವಾದರೂ ಹೋಗಲು ಒಂದು ವರ್ಷ ಬೇಕಾಯಿತು. ಕೇಳದೆ ಕಾಯುವವರು ಸಿಕ್ಕಿದ್ದಾರೆ ಅಂದರೆ ನನಗೆ ಸಮಾಧಾನವೇ ಆಗುತ್ತದೆ ತಂಗಿ.

ಥೆರಪಿಸ್ಟ್_ಮೈಸೂರು · ಸೋಮವಾರ ಬೆಳಿಗ್ಗೆ 6:30

ನಾನು ಮೈಸೂರಿನಲ್ಲೇ ಈ ಕೆಲಸ ಮಾಡುತ್ತೇನೆ. ನಸುಕಿನ ನಡಿಗೆಯವರು ನನ್ನ ಹತ್ತಿರ ಬರುವವರಲ್ಲ. ಅವರ ಥೆರಪಿಸ್ಟ್ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ. ನಾನು ಹೇಗೆ ಕೆಲಸ ಮಾಡುತ್ತೇನೆ, ಯಾಕೆ ಹಾಗೆ ಮಾಡುತ್ತೇನೆ ಅನ್ನುವುದನ್ನು ಹೇಳಬಲ್ಲೆ.

ಮೇಲೆ ಇಬ್ಬರು ಹೇಳಿದ್ದೂ ನಿಜ. ಒಂದು ಅಪಘಾತ, ಒಂದು ದಿನದ ಘಟನೆ ಆದರೆ, ಅದಕ್ಕೆ ಮೊದಲು ಜೀವನ ಸ್ವಲ್ಪ ಗಟ್ಟಿಯಾಗಿದ್ದರೆ, ಹತ್ತು ಹನ್ನೆರಡು ಭೇಟಿಯಲ್ಲಿ ತುಂಬಾ ಜನ ಚೇತರಿಸಿಕೊಳ್ಳುತ್ತಾರೆ. 2013ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇಎಂಡಿಆರ್ ಮತ್ತು ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಚಿಕಿತ್ಸೆ) ಎರಡನ್ನೂ ಒಪ್ಪಿದೆ. ಅದೇ ಮಾರ್ಗಸೂಚಿ ಇನ್ನೊಂದು ಮಾತನ್ನೂ ಹೇಳಿದೆ: ದುರಂತ ನಡೆದ ಕೂಡಲೇ ಜನರನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿಸಬೇಡಿ.

ಬಾಲ್ಯದಲ್ಲಿ ವರ್ಷಗಟ್ಟಲೆ, ಅದೂ ಸಾಕಬೇಕಾದವರಿಂದಲೇ ಆದ ನೋವಿನ ದಾರಿ ಬೇರೆ. ಪಿಟಿಎಸ್‌ಡಿ (ಆಘಾತ ಕಳೆದ ಮೇಲೂ ಕಾಡುವ ಮಾನಸಿಕ ತೊಂದರೆ) ಅನ್ನುವ ಹೆಸರು ಅಮೆರಿಕದ ರೋಗಪಟ್ಟಿಗೆ ಸೇರಿದ್ದು 1980ರಲ್ಲಿ. ಆ ಹೊತ್ತಿಗೆ ಎಲ್ಲರ ಕಣ್ಣ ಮುಂದೆ ಇದ್ದವರು ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರು. ಮನೆಯೊಳಗೇ ಬಹಳ ಕಾಲ ನೊಂದವರ ಪಾಡು ಅದರಲ್ಲಿ ಪೂರ್ತಿ ಹಿಡಿಸುವುದಿಲ್ಲ ಅಂತ ಜೂಡಿತ್ ಹರ್ಮನ್ ಎನ್ನುವ ಮನೋವೈದ್ಯೆ 1992ರಲ್ಲಿ ವಾದಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ ಪ್ರತ್ಯೇಕವಾಗಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಬೆಚ್ಚಿ ಬೀಳುವುದು, ನೆನಪು ಮರುಕಳಿಸುವುದು, ದೂರ ಓಡುವುದು ಇವುಗಳ ಜೊತೆಗೆ ಇನ್ನೂ ಮೂರು ಇರುತ್ತವೆ. ಭಾವನೆ ಹತೋಟಿಗೆ ಸಿಗುವುದಿಲ್ಲ. ‘ನಾನೇ ಸರಿಯಿಲ್ಲ’ ಅನ್ನುವ ಭಾವನೆ ಬೇರೂರಿರುತ್ತದೆ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲು ಆಗುವುದಿಲ್ಲ.

ಈ ಮೂರನೆಯದು ಇದ್ದಾಗ ಏನಾಗುತ್ತದೆ ನೋಡಿ. ಎದುರಿಗೆ ಕೂತ ನನ್ನನ್ನೂ ನಂಬಲು ಆಗುವುದಿಲ್ಲ. ನಂಬಿಕೆ ಬರದೆ ನೆನಪಿಗೆ ಕೈ ಹಾಕಿದರೆ ಹೂವಿನ ಬುಟ್ಟಿಯವರಿಗೆ ಆದ ಹಾಗೆ ಆಗುತ್ತದೆ. ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಆಮೇಲೆ ಬದುಕಿಗೆ ಮರಳುವುದು ಅನ್ನುವ ಮೂರು ಹಂತಗಳನ್ನು ಹರ್ಮನ್ ಹೇಳಿದರು. ಇಂಥ ಹಂತಗಳ ವಿಚಾರ ಫ್ರಾನ್ಸಿನ ಪಿಯೆರ್ ಜಾನೆ ಕಾಲದಿಂದ, ಅಂದರೆ 19ನೇ ಶತಮಾನದ ಕೊನೆಯಿಂದ ಇದೆ. ಮೊದಲ ಹಂತಕ್ಕೆ ಇಷ್ಟು ಕಾಲ ಬೇಕೇ ಬೇಕಾ ಅಂತ ನಮ್ಮ ಕ್ಷೇತ್ರದಲ್ಲಿ ಇವತ್ತಿಗೂ ಜಗಳ ಇದೆ. ಕೆಲವರು ಬೇಗ ನೆನಪಿಗೆ ಹೋಗಬಹುದು, ತಡ ಮಾಡಿದರೆ ನಾವೇ ಅವರನ್ನು ದುರ್ಬಲರು ಅಂದುಕೊಂಡ ಹಾಗೆ ಆಗುತ್ತದೆ ಅನ್ನುತ್ತಾರೆ. ಆ ಮಾತಿನಲ್ಲೂ ತೂಕ ಇದೆ.

ಇಂಟಿಗ್ರೇಟಿವ್ ಅಂದರೆ ಒಂದೇ ಪದ್ಧತಿಗೆ ಅಂಟಿಕೊಳ್ಳದೆ ಕೆಲಸ ಮಾಡುವುದು. ನಿದ್ದೆ ಕೆಟ್ಟಿರುವಾಗ ಸಿಬಿಟಿಯ ಸರಳ ಉಪಾಯಗಳನ್ನು ಹಿಡಿಯುತ್ತೇನೆ. ಗಂಡನ ದನಿ ಸ್ವಲ್ಪ ಏರಿದರೆ ಅಪ್ಪನೇ ಎದುರಿಗೆ ನಿಂತ ಹಾಗೆ ಆಗುತ್ತದೆ ಅನ್ನುವವರ ಜೊತೆ, ಹಳೆಯ ಸಂಬಂಧ ಇವತ್ತಿನ ಸಂಬಂಧದೊಳಗೆ ಹೇಗೆ ಬಂದು ಕೂರುತ್ತದೆ ಅಂತ ನೋಡುತ್ತೇವೆ. ಮೈ ಮರಗಟ್ಟಿದಾಗ ಮಾತು ನಿಲ್ಲಿಸಿ ಪಾದ ನೆಲಕ್ಕೆ ಊರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸುತ್ತೇನೆ. ಎಲ್ಲದರಲ್ಲೂ ಒಂದೊಂದು ಚಿಟಿಕೆ ಹಾಕಿದರೆ ಅದು ಇಂಟಿಗ್ರೇಟಿವ್ ಆಗುವುದಿಲ್ಲ. ಈ ವಾರ ಇದನ್ನೇ ಯಾಕೆ ಮಾಡಿದಿರಿ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇರಬೇಕು. ಅದಕ್ಕೇ ಹೇಳುತ್ತೇನೆ, ನೀವು ಕೇಳಿ. ಅದು ನಿಮ್ಮ ಹಕ್ಕು. ಕೇಳಿದರೆ ಬೇಸರಪಟ್ಟುಕೊಳ್ಳುವ ಥೆರಪಿಸ್ಟ್ ಆಗಿದ್ದರೆ, ಅದೂ ಗೊತ್ತಾಗಲಿ.

ಗದ್ದೆ_ಬದು · ಸೋಮವಾರ ಬೆಳಿಗ್ಗೆ 8:05

ನಾನು ಓದಿದವನಲ್ಲ, ಮಂಡ್ಯ ತಾಲ್ಲೂಕಿನಲ್ಲಿ ಭತ್ತ, ಕಬ್ಬು ಮಾಡುತ್ತೇನೆ. ಮೇಡಂ ಹೇಳಿದ್ದು ನನಗೆ ಹೀಗೆ ಅರ್ಥ ಆಯಿತು. ನಾಲೆಯಲ್ಲಿ ನೀರು ಬಂತು ಅಂತ ಖುಷಿಗೆ ರಾತ್ರೋರಾತ್ರಿ ತೂಬು ಪೂರ್ತಿ ತೆಗೆದರೆ, ಬದು ಹಸಿ ಇದ್ದರೆ, ಬೆಳಿಗ್ಗೆ ನೋಡುವಾಗ ನಾಟಿ ಮಾಡಿದ ಪೈರೆಲ್ಲ ಕೆಳಗಿನವರ ಗದ್ದೆಯಲ್ಲಿ ಇರುತ್ತದೆ. ಮೊದಲು ಬದು ಕಟ್ಟಿ ಒಣಗಲು ಬಿಡಬೇಕು. ಏಡಿ ತೂತು ಮಾಡಿದೆಯಾ ಅಂತ ಕಾಲಲ್ಲಿ ತುಳಿದು ನೋಡಬೇಕು. ಅಷ್ಟು ದಿನ ನೀರೇ ಹಾಯಿಸಿಲ್ಲವಲ್ಲ ಅಂತ ದಾರಿಯಲ್ಲಿ ಹೋಗುವವರು ಕೇಳುತ್ತಾರೆ.

ಬದು ಕಟ್ಟುತ್ತಲೇ ಕೂತರೆ ಬೆಳೆಯೂ ಬರುವುದಿಲ್ಲ, ಅದೂ ನಿಜ ಕಣಮ್ಮ.

ಎರಡನೇ_ಹಂತ · ಸೋಮವಾರ ಮಧ್ಯಾಹ್ನ 1:20

ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ನಾಲ್ಕು ವರ್ಷದಿಂದ ಥೆರಪಿಯಲ್ಲಿದ್ದೇನೆ. ಯಾರೂ ಹೇಳದ ಒಂದು ವಿಷಯ ಹೇಳಬೇಕು: ಭಾಷೆ.

ಮೊದಲು ಆನ್‌ಲೈನ್‌ನಲ್ಲಿ ಇಂಗ್ಲಿಷ್ ಮಾತಾಡುವ ಒಬ್ಬರ ಹತ್ತಿರ ಹೋಗುತ್ತಿದ್ದೆ. ಒಳ್ಳೆಯವರು. ನನಗೂ ಆಫೀಸಿನಲ್ಲಿ ಇಂಗ್ಲಿಷೇ. ಎಲ್ಲವನ್ನೂ ಚೆನ್ನಾಗಿ ವಿವರಿಸುತ್ತಿದ್ದೆ, ಯಾರದೋ ವರದಿ ಓದಿದ ಹಾಗೆ. ಒಂದು ತೊಟ್ಟು ಕಣ್ಣೀರು ಬರಲಿಲ್ಲ. ಆಮೇಲೆ ಇಲ್ಲೇ ಕನ್ನಡದವರೊಬ್ಬರು ಸಿಕ್ಕಿದರು. ಮೂರನೇ ವಾರ “ಯಾಕೋ ಬೇಜಾರು” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವ ಬೇಜಾರು?” ಅಂತ ಕೇಳಿದರು.

ನಾನು ಯೋಚಿಸಿರಲೇ ಇಲ್ಲ. ಹೊತ್ತು ಹೋಗದಿದ್ದರೂ ಬೇಜಾರು. ಯಾರಾದರೂ ಸತ್ತರೂ ಬೇಜಾರು. ಅಣ್ಣ ಬೈದರೂ ಬೇಜಾರು. ನನ್ನ ಮೇಲೇ ನನಗೆ ಅಸಹ್ಯ ಆದರೂ ಬೇಜಾರು ಅಂತಲೇ ಹೇಳಿಕೊಂಡು ಬಂದಿದ್ದೆ. ಅವತ್ತು ಪೂರ್ತಿ ಅದನ್ನೇ ಬಿಡಿಸಿದೆವು. ಹೊಟ್ಟೆ ತೊಳಸುವ ಬೇಜಾರು ಒಂದು. ಎದೆ ಮೇಲೆ ಕಲ್ಲು ಇಟ್ಟ ಹಾಗಿನದು ಒಂದು. ಗಂಟಲು ಕಟ್ಟುವುದು ಇನ್ನೊಂದು. ಹೊಟ್ಟೆ ತೊಳಸುವುದು ಸೋದರಮಾವನ ಹೆಸರು ಬಂದಾಗ ಮಾತ್ರ ಬರುತ್ತದೆ ಅನ್ನುವುದು ನನಗೆ ಗೊತ್ತಾಗಲು ಏಳು ತಿಂಗಳು ಬೇಕಾಯಿತು. ಯಾರೂ ನನ್ನನ್ನು ‘ಏನಾಯ್ತು’ ಅಂತ ಕೇಳಲಿಲ್ಲ. ಮೈ ಮೊದಲು ಹೇಳಿತು, ಬಾಯಿ ಆಮೇಲೆ.

ಅದಕ್ಕೇ ಹೇಳುತ್ತೇನೆ, ನಿದ್ದೆ, ಮಗನ ಸ್ಕೂಲು, ಅಮ್ಮನ ಫೋನು ಅಂತ ಬರೆದಿದ್ದೀರಲ್ಲ, ಅವು ಬೇರೆ ವಿಷಯಗಳಲ್ಲ. ಅಮ್ಮನ ಫೋನು ಇಟ್ಟಮೇಲೆ ಮೈಯಲ್ಲಿ ಎಲ್ಲಿ ಏನಾಗುತ್ತದೆ ಅಂತ ಒಮ್ಮೆ ನೋಡಿಕೊಳ್ಳಿ.

ಸಂಜೆ_ಕಾಫಿ · ಸೋಮವಾರ ಸಂಜೆ 6:45

ನಾನು ಇನ್ನೊಂದು ಕಡೆಯವನು, ಅಂದರೆ ಗಂಡ. ನನ್ನ ಹೆಂಡತಿ ಎರಡೂವರೆ ವರ್ಷ ಹೋದಳು. ಮೊದಮೊದಲು ನಾನೂ ಕೇಳುತ್ತಿದ್ದೆ, “ಇವತ್ತು ಏನು ಹೇಳಿದರು?” ಪ್ರೀತಿಯಿಂದಲೇ. ಅವಳಿಗೆ ಅದು ಪರೀಕ್ಷೆಯ ಹಾಗೆ ಆಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಒಂದು ದಿನ ಅವಳೇ, “ಕೇಳಬೇಡಿ. ಬಂದಾಗ ಕಾಫಿ ಕೊಡಿ, ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳಿ” ಅಂದಳು. ಅಷ್ಟೇ ಮಾಡಿದೆ. ಅವಳು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ನಡೆದು ಬರುತ್ತಿದ್ದಳು.

ಇನ್ನೊಂದು ಮಾತು. ನಡುವೆ ಕೆಲವು ತಿಂಗಳು ಅವಳಿಗೆ ಮೊದಲಿಗಿಂತ ಜಾಸ್ತಿ ಕಷ್ಟ ಆಯಿತು. ಕೋಪ ಬರತೊಡಗಿತು. ಎಂದೂ ಯಾರಿಗೂ ಎದುರು ಮಾತಾಡದವಳು ನನ್ನ ತಾಯಿಗೆ ‘ಆಗುವುದಿಲ್ಲ’ ಅಂದಳು. ಮನೆಯಲ್ಲಿ ಎಲ್ಲರೂ ಥೆರಪಿಯಿಂದ ಕೆಟ್ಟಳು ಅಂದರು. ನನಗೂ ಹಾಗೇ ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಈಗ ನೋಡಿದರೆ, ಅಲ್ಲಿಯವರೆಗೆ ಅವಳು ನಮ್ಮನೆಯಲ್ಲಿ ಹೆದರಿಕೊಂಡೇ ಇದ್ದಳು.

ನಿವೃತ್ತ_ಮೇಷ್ಟ್ರು · ಸೋಮವಾರ ರಾತ್ರಿ 8:30

ಮಂಡ್ಯ ಜಿಲ್ಲೆಯಲ್ಲಿ 31 ವರ್ಷ ಪಾಠ ಮಾಡಿದೆ. 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಕಬ್ಬು ಬೆಳೆದ ಎಷ್ಟೋ ರೈತರು ಪ್ರಾಣ ಕಳೆದುಕೊಂಡದ್ದು ನಿಮಗೆಲ್ಲ ನೆನಪಿರಬಹುದು. ನನ್ನ ಕ್ಲಾಸಿನ ಒಬ್ಬ ಹುಡುಗನ ತಂದೆಯೂ ಹೋದರು. ಹನ್ನೊಂದು ದಿನ ಕಳೆದು ಹುಡುಗ ಶಾಲೆಗೆ ಬಂದ. ನಾನು ಬೆನ್ನು ತಟ್ಟಿ “ಧೈರ್ಯ ತಗೋ, ಇನ್ನು ಮನೆಗೆ ನೀನೇ ಗಂಡಸು” ಅಂದೆ. ಹದಿಮೂರು ವರ್ಷದ ಮಗುವಿಗೆ. ಅವನು ತಲೆ ಆಡಿಸಿದ. ಅಲ್ಲಿಂದ ಅವನು ಅತ್ತದ್ದನ್ನು ಯಾರೂ ನೋಡಲಿಲ್ಲ. ನಾನು ಆಡಿದ ಮಾತು ಅವನ ಅಳುವನ್ನು ಮುಚ್ಚಿಹಾಕಿತು ಅಂತ ಈಗ ಅನಿಸುತ್ತದೆ.

ಇದೆಲ್ಲ ಪೇಟೆಯವರ ಹೊಸ ಖಯಾಲಿ ಅನ್ನುವವರಿಗೆ ಒಂದು ಮಾತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಕಲ್ಕತ್ತ ಬಿಟ್ಟರೆ ದೇಶದಲ್ಲಿ ಎರಡನೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಪ್ರಸಾರ ಆರಂಭಿಸಿದವರು. ನೂರು ವರ್ಷ ಆದಮೇಲೂ ಹಳ್ಳಿಯ ಮೇಷ್ಟ್ರಿಗೆ ಅತ್ತರೆ ತಪ್ಪಲ್ಲ ಅಂತ ಹೇಳಿಕೊಡುವವರು ಇರಲಿಲ್ಲವಲ್ಲ ಅನ್ನುವುದು ನನ್ನ ಸಂಕಟ.

ಮದ್ದೂರು_ಕಡೆಯವನು · ಸೋಮವಾರ ರಾತ್ರಿ 9:10

ಎಲ್ಲ ಓದಿದ ಮೇಲೆ ಅಕ್ಕನಿಗೆ ‘ಜಾಸ್ತಿ’ ಅಂದದ್ದಕ್ಕೆ ಬೇಸರ ಆಗುತ್ತಿದೆ. ನನ್ನದು ಒಂದು ದಿನದ ವಿಷಯ. ಥೆರಪಿಸ್ಟ್ ಮೇಡಂ, ಎರಡು ಪ್ರಶ್ನೆ. ದುಡ್ಡಿಲ್ಲದವರು ಏನು ಮಾಡಬೇಕು? ಮತ್ತೆ, ಮೈಸೂರು ಎಷ್ಟು ದೊಡ್ಡದು ಹೇಳಿ, ಎಲ್ಲರೂ ಎಲ್ಲರಿಗೂ ಗೊತ್ತು. ವಿಷಯ ಹೊರಗೆ ಹೋಗುವುದಿಲ್ಲ ಅಂತ ಹೇಗೆ ನಂಬುವುದು?

ಥೆರಪಿಸ್ಟ್_ಮೈಸೂರು · ಸೋಮವಾರ ರಾತ್ರಿ 10:20

ಎರಡನೆಯದನ್ನೇ ಮೊದಲು ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. ಆದರೆ ಮಿತಿಗಳಿವೆ, ಅವನ್ನು ಮೊದಲ ದಿನವೇ ಹೇಳಬೇಕು. ಜೀವಕ್ಕೆ ಅಪಾಯ ಇದ್ದರೆ ನಾನು ಸುಮ್ಮನಿರಲಾರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಇದನ್ನು ಮೊದಲೇ ಹೇಳದೆ, ಎಲ್ಲ ಹೇಳಿಸಿದ ಮೇಲೆ ಹೇಳಿದರೆ ಅದು ಇನ್ನೊಂದು ದ್ರೋಹ.

ಊರು ಚಿಕ್ಕದು ಅನ್ನುವುದೂ ನಿಜ. ದೇವರಾಜ ಮಾರ್ಕೆಟ್‌ನಲ್ಲಿ ಹೂವು ಕೊಳ್ಳುವಾಗ ನನ್ನ ಹತ್ತಿರ ಬರುವವರು ಎದುರಾಗುತ್ತಾರೆ. ನಾನಾಗಿ ಮಾತಾಡಿಸುವುದಿಲ್ಲ. ಅವರು ನಕ್ಕರೆ ನಗುತ್ತೇನೆ. ಇದನ್ನೂ ಮೊದಲೇ ಹೇಳಿರುತ್ತೇನೆ, ಇಲ್ಲದಿದ್ದರೆ ‘ಮುಖ ತಿರುಗಿಸಿಕೊಂಡು ಹೋದರು’ ಅಂತ ಅವರಿಗೆ ನೋವಾಗುತ್ತದೆ. ಒಮ್ಮೆ ಗೌರಿಹಬ್ಬಕ್ಕೆ ಒಬ್ಬರು ಬಾಗಿನ ತಂದರು. ಬೇಡ ಅಂದರೆ ತಾಯಿಯೇ ತಳ್ಳಿದ ಹಾಗೆ ಆಗುತ್ತಿತ್ತು. ತೆಗೆದುಕೊಂಡೆ. ಆಮೇಲೆ ಎರಡು ವಾರ ಆ ಬಾಗಿನದ ಬಗ್ಗೆಯೇ ಮಾತಾಡಿದೆವು. ಅವರು ತವರಿಗೆ ಹೋಗಿ ಹನ್ನೆರಡು ವರ್ಷ ಆಗಿತ್ತು.

ದುಡ್ಡಿನ ವಿಷಯ. ಕಡಿಮೆ ಫೀಸಿಗೆ ಕೆಲವು ಸಮಯ ಇಟ್ಟಿರುವವರು ಇರುತ್ತಾರೆ, ಸಂಕೋಚ ಬಿಟ್ಟು ಕೇಳಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಮನೋವೈದ್ಯಕೀಯ ವಿಭಾಗ ಇದೆ. ಪ್ರತಿ ವಾರ 50 ನಿಮಿಷ ಅಲ್ಲಿ ಸಿಗುವುದು ಕಷ್ಟ, ಆದರೆ ನಿದ್ದೆಯೇ ಇಲ್ಲದಿದ್ದರೆ, ಬದುಕುವುದೇ ಬೇಡ ಅನಿಸುತ್ತಿದ್ದರೆ, ಮೊದಲು ಅಲ್ಲಿಗೆ ಹೋಗಿ. ಔಷಧಿ ಬರೆಯುವವರು ಮನೋವೈದ್ಯರು, ನಾನಲ್ಲ. ಔಷಧಿ ತೆಗೆದುಕೊಂಡರೆ ಥೆರಪಿ ಸೋತಿತು ಅಂತಲ್ಲ. ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ.

ಹೋಗುವ ಮೊದಲು ಅವರ ಓದು ಏನು ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಬೇರೆ ದಾರಿಯಲ್ಲಿ ತರಬೇತಿ ಪಡೆದ ಒಳ್ಳೆಯವರೂ ಇದ್ದಾರೆ. ಅವರ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಯಾರಾದರೂ ಇದ್ದಾರಾ ಅಂತ ಕೇಳಿ. ನನಗೆ ಇದ್ದಾರೆ. ತಿಂಗಳಿಗೆ ಎರಡು ಸಲ ಅವರ ಮುಂದೆ ಕೂರುತ್ತೇನೆ.

ನಸುಕಿನ_ನಡಿಗೆ · ಮಂಗಳವಾರ ರಾತ್ರಿ 10:05

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಇವತ್ತು ಕೇಳಿಯೇಬಿಟ್ಟೆ. ಹೋಗುವಾಗ ದಾರಿಯುದ್ದಕ್ಕೂ ಎದೆ ಡವಡವ. ಬಯ್ಯುತ್ತಾರೆ ಅಂತಲೇ ಅನಿಸುತ್ತಿತ್ತು.

“ಮೇಡಂ, ನೀವು ಆ ವಿಷಯ ಯಾಕೆ ಕೇಳಲಿಲ್ಲ?” ಅಂದೆ.

ಅವರು ಪೆನ್ನು ಕೆಳಗಿಟ್ಟರು. “ಮೊದಲ ಮೂರು ತಿಂಗಳು ನೀವು ಕುರ್ಚಿಯ ತುದಿಯಲ್ಲಿ, ಬಾಗಿಲ ಕಡೆ ತಿರುಗಿ ಕೂರುತ್ತಿದ್ದಿರಿ. ಬ್ಯಾಗು ತೊಡೆ ಮೇಲೆಯೇ ಇರುತ್ತಿತ್ತು. ಹೊರಗೆ ಯಾರಾದರೂ ನಡೆದರೆ ಮಾತು ನಿಂತುಹೋಗುತ್ತಿತ್ತು. ಆಗ ಕೇಳಿದ್ದರೆ ನೀವು ಹೇಳಿಬಿಡುತ್ತಿದ್ದಿರಿ, ಯಾಕೆಂದರೆ ದೊಡ್ಡವರು ಕೇಳಿದ್ದಕ್ಕೆ ಇಲ್ಲ ಅನ್ನೋದು ನಿಮಗೆ ಬರುತ್ತಿರಲಿಲ್ಲ” ಅಂದರು. ನಾನು ಬ್ಯಾಗು ನೋಡಿದೆ. ಅದು ನೆಲದ ಮೇಲಿತ್ತು. ಯಾವಾಗಿನಿಂದ ಅಂತ ನನಗೇ ಗೊತ್ತಿಲ್ಲ.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. “ಮೂರು ನಾಲ್ಕು ತಿಂಗಳ ಹಿಂದೆಯೇ ಈ ಮಾತು ನಾನು ಎತ್ತಬಹುದಿತ್ತು. ನೀವು ಸಿದ್ಧವಾಗಿದ್ದಿರಿ ಅನಿಸುತ್ತೆ. ನಾನು ಕಾದದ್ದು ಜಾಸ್ತಿಯಾಯ್ತು. ಅದು ನನ್ನಿಂದ ಆದದ್ದು.” ನನ್ನ ಜೀವನದಲ್ಲಿ ನನಗಿಂತ ದೊಡ್ಡವರು ಯಾರೂ ನನ್ನ ಮುಂದೆ ಹೀಗೆ ಹೇಳಿರಲಿಲ್ಲ. ಅಲ್ಲಿ ಅತ್ತೆ.

ಆ ರಾತ್ರಿಯ ಮಾತು ಇವತ್ತು ಆಡಲಿಲ್ಲ. ಹೇಗೆ ಆಡುವುದು ಅಂತ ಮಾತಾಡಿದೆವು. ಸಾಕು ಅನಿಸಿದರೆ ನಾನು ಕೈ ಎತ್ತುವುದು, ಕೊನೆಯ ಹದಿನೈದು ನಿಮಿಷ ಬೇರೆ ಮಾತು, ಅವತ್ತು ನಾನೇ ಸ್ಕೂಟರ್ ಓಡಿಸಿಕೊಂಡು ಬರದೆ ಇರುವುದು. “ರಾತ್ರಿಯಿಂದ ಶುರು ಮಾಡಬೇಕು ಅಂತಿಲ್ಲ, ಮರುದಿನ ಬೆಳಿಗ್ಗೆಯಿಂದ ಬನ್ನಿ” ಅಂದರು. ಒಂದೇ ವಾಕ್ಯ ಹೇಳಿದೆ. ಬೆಳಿಗ್ಗೆ ನಾನು ಎದ್ದು ಬರುವಾಗ ಅಮ್ಮ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದರು, ದಿನಾ ಹಾಕುವ ಹಾಗೆ, ಎಡಗೈಯಲ್ಲಿ. ಬಲಗೈ ಎತ್ತಲು ಆಗುತ್ತಿರಲಿಲ್ಲ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಎರಡನೇ ಹಂತದವರೇ, ಗಂಟಲು ಕಟ್ಟಿತು. ಹೊಟ್ಟೆಯಲ್ಲ, ಗಂಟಲು.

ಮನೆಗೆ ಬಂದ ಮೇಲೆ ಸಂಜೆ ಕಾಫಿಯವರು ಬರೆದದ್ದನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಗೇಟಿನ ಚಿಲಕ ಬದಲಾಯಿಸಲಾ? ಸದ್ದು ಬರದೇ ಇರೋದು ಸಿಗುತ್ತೆ” ಅಂದರು. ಸದ್ಯಕ್ಕೆ ಬೇಡ, ಮೇಡಂ ಹತ್ತಿರ ಮಾತಾಡಿ ಹೇಳುತ್ತೇನೆ ಅಂದಿದ್ದೇನೆ.